ಶುಕ್ರವಾರ ಬರ್ರಿ

“ಬಾಯಿ ಅವ್ರದು ಇವತ್ತು ಉಪವಾಸ,” ಎಂದ ದತ್ತಾತ್ರೇಯ, ಪಕ್ಕದಲ್ಲಿದ್ದ ಪರದೇಶದ ಹೆಂಗಸನ್ನು ತೋರಿಸಿ. ಅದೇ ದನಿಯಲ್ಲಿ, “ನಂದೂ,” ಎಂದು ಸೇರಿಸಿದ.

ತಾಟಿಗೆ ರೊಟ್ಟಿ ಹಾಕಲು ಬಗ್ಗಿದ್ದ ಮಲ್ಕಮ್ಮ ಹಾಗೆಯೇ ನಿಂತಳು. ಕೈಯಲ್ಲಿದ್ದ ರೊಟ್ಟಿ ಬುಟ್ಟಿಗೂ ಹೋಗಲಿಲ್ಲ, ತಾಟಿಗೂ ಬೀಳಲಿಲ್ಲ. ಸರಸಂಬಾದ ಆ ಬೌದ್ಧರ ಕೇರಿಯಲ್ಲಿ ಉಪವಾಸ ಎನ್ನುವುದು ದೇವರಿಗೆ ಸಂಬಂಧಪಟ್ಟ ಮಾತಾಗಿ ಎಂದೂ ಕೇಳಿಸಿದ್ದಿಲ್ಲ. ತಲಾಟಿ ಬಂದ ದಿನ ಅವನಿಗೆ ಸೋಮವಾರ ಇರುತ್ತಿತ್ತು, ಮಾಸ್ತರು ಬಂದ ದಿನ ಶನಿವಾರ, ಓಟು ಕೇಳಲು ಬಂದವರಿಗೆ ಏಕಾದಶಿ. ಪಂಚಾಂಗದಲ್ಲಿ ಇಲ್ಲದ ಏಕಾದಶಿಗಳೂ ಈ ಕೇರಿಯೊಳಗೆ ಕಾಲಿಟ್ಟ ಕೂಡಲೇ ಹುಟ್ಟಿಕೊಳ್ಳುತ್ತಿದ್ದವು. ನಿಮ್ಮ ಮನೆಯ ಕೂಳು ಬೇಡ ಎನ್ನುವುದಕ್ಕೆ ಮರ್ಯಾದಸ್ಥರು ಕಂಡುಕೊಂಡ ಮಾತು ಅದು. ಹೇಳುವವರಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು.

ಎಂಟು ದಿನದ ಹಿಂದೆ ದತ್ತಾತ್ರೇಯ ಇದೇ ಅಂಗಳದಲ್ಲಿ ಇದೇ ಮಾತು ಆಡಿದ್ದ. ಅಂದು ಗುರುವಾರ. ಅವನು ಅಫಜಲಪುರ ತಾಲೂಕಿನವನು, ಗಾಣಗಾಪುರದ ದೇವರ ಹೆಸರು ಹೊತ್ತವನು. ಅವನಿಗೆ ಗುರುವಾರದ ಉಪವಾಸ ಇಲ್ಲ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಮಲ್ಕಮ್ಮ ನಕ್ಕು, “ಹಂಗಾದ್ರ ಮುಂದಿನ ವಾರ ಶುಕ್ರವಾರ ಬರ್ರಿ. ಉಂಡು, ಹೆಬ್ಬಟ್ಟು ಒತ್ತಿಸ್ಕೊಂಡು ಹೋಗೀರಂತ,” ಎಂದಿದ್ದಳು.

ಹೆಬ್ಬಟ್ಟು ಬೇಕಾಗಿದ್ದದ್ದು ಬೋರಿಗೆ. ಪರದೇಶದ ಒಂದು ಸಂಸ್ಥೆ ಆಳಂದದ ಸುತ್ತಿನ ಹಳ್ಳಿಗಳಲ್ಲಿ ಬೋರು ಹಾಕಿಸುತ್ತಿತ್ತು. ಅದರ ಪರವಾಗಿ ಐರ್ಲೆಂಡ್ ದೇಶದ ಬ್ರಿಜಿಟ್ ಎಂಬ ಹೆಂಗಸು, ಕೇರಿಯವರ ಬಾಯಲ್ಲಿ ಬಿರ್ಜಿಬಾಯಿ, ನೆಲಕ್ಕೆ ಸಲಾಕೆ ನೆಟ್ಟು, ತಂತಿ ಎಳೆದು, ಇಡೀ ಕೇರಿಗೆ ನೀರಿರುವುದು ಮಲ್ಕಮ್ಮನ ಬೇವಿನ ಮರದ ಹಿಂದೆ ಮಾತ್ರ ಎಂದು ಹೇಳಿದ್ದಳು. ಅವಳ ಮಾತನ್ನು ಕನ್ನಡಕ್ಕೆ ತರುವುದೂ ಕಾಗದಪತ್ರ ನೋಡಿಕೊಳ್ಳುವುದೂ ದತ್ತಾತ್ರೇಯನ ಕೆಲಸ. ಜಾಗ ಮಲ್ಕಮ್ಮನ ಹೆಸರಿನಲ್ಲಿತ್ತು. ಅವಳು ಒಪ್ಪಿಗೆ ಪತ್ರಕ್ಕೆ ಹೆಬ್ಬಟ್ಟು ಒತ್ತದಿದ್ದರೆ ಯಂತ್ರದ ಲಾರಿ ಸೋಮವಾರ ಹಿರೋಳ್ಳಿಯ ದಾರಿ ಹಿಡಿಯುತ್ತಿತ್ತು. ಬೋರು ಬೀಳುವವರೆಗೆ ಕೇರಿಯ ಹೆಂಗಸರು ಗೌಡರ ಬಾವಿಯಿಂದ ಹತ್ತು ಮಾರು ದೂರ ಕೊಡ ಇಟ್ಟು, ಯಾರಾದರೂ ಪುಣ್ಯಾತ್ಮರು ಸೇದಿ ಹಾಕಲಿ ಎಂದು ಕಾಯಬೇಕಾಗಿತ್ತು.

ಮಲ್ಕಮ್ಮ ಜಾಗವನ್ನು ಪುಕ್ಕಟೆ ಬಿಟ್ಟುಕೊಡುವವಳೇ. ಅವಳದು ಒಂದೇ ಮಾತು. “ನಮಗ ನೀರು ಕೊಡಾಕ ಬಂದೋರು ಮೊದಲು ನಮ್ಮ ನೀರು ಕುಡೀರಿ.”

ಆ ಮೇಲೆ ಅವಳು ಒಂದೊಂದೇ ಬಾಗಿಲು ಮುಚ್ಚುತ್ತ ಬಂದಿದ್ದಳು. ಕೇರಿಯವರು ಕೋಳಿ ಕೊಯ್ಯೋಣ ಅಂದರೆ ಬೇಡ ಎಂದಳು. ಸಾಹೇಬರಿಗೆ ಅದೊಂದು ನೆಪ ಆಗಬಾರದು. ಆಳಂದದ ಸಂತೆಯಿಂದ ಹೊಸ ಗಡಿಗೆ ತಂದು ಅದರಲ್ಲೇ ಪುಂಡಿಪಲ್ಯ ಮಾಡಿದಳು. ಬಿರ್ಜಿಬಾಯಿ ಕಾಯಿಸಿದ ನೀರನ್ನಷ್ಟೇ ಕುಡಿಯುತ್ತಾಳೆ ಎಂದು ಜೀಪಿನ ಡ್ರೈವರ್ ಶರಫುದ್ದೀನನಿಂದ ತಿಳಿದುಕೊಂಡು, ನೀರು ಕುದಿಸಿ, ಆರಿಸಿ, ಬಟ್ಟೆ ಕಟ್ಟಿ ಇಟ್ಟಿದ್ದಳು. ಎಲ್ಲ ಬಾಗಿಲೂ ಮುಚ್ಚಿಯಾಗಿತ್ತು. ಏಸುಸ್ವಾಮಿಯ ಕಡೆಯಿಂದ ಒಂದು ಕಿಂಡಿ ತೆರೆದುಕೊಳ್ಳುತ್ತದೆ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ದತ್ತಾತ್ರೇಯನಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಆಳಂದದ ಪ್ರವಾಸಿ ಬಂಗಲೆಯಿಂದ ಹೊರಟಾಗ ಬ್ರಿಜಿಟ್ ಎಂದಿನಂತೆ ಹರಟಲಿಲ್ಲ. ಇವತ್ತು ಗುಡ್ ಫ್ರೈಡೇ ಎಂದಳು. ಅವಳ ಊರಿನಲ್ಲಿ ಈ ದಿನ ಇಗರ್ಜಿಯ ಗಂಟೆ ಬಾರಿಸುವುದಿಲ್ಲ, ಅಂಗಡಿ ತೆರೆಯುವುದಿಲ್ಲ, ಜನ ಗಟ್ಟಿಯಾಗಿ ಮಾತಾಡುವುದಿಲ್ಲ. ಇಲ್ಲಿ ಇಗರ್ಜಿಗೆ ಹೋಗಬೇಕೆಂದರೆ ಗುಲಬರ್ಗಾಕ್ಕೇ ಹೋಗಬೇಕು. ಆದರೆ ಶುಕ್ರವಾರ ಬರುತ್ತೇವೆಂದು ಆ ತಾಯಿಗೆ ಮಾತು ಕೊಟ್ಟಾಗಿದೆಯಲ್ಲ ಎಂದಳು. ತನ್ನ ತಾಯಿಯ ಮನೆಯ ಪದ್ಧತಿಯಂತೆ ತಾನು ಈ ದಿನ ನೀರೂ ಮುಟ್ಟದೆ ಉಪವಾಸ ಇರುತ್ತೇನೆ ಎಂದಳು. ಅಷ್ಟು ಕೇಳಿದ್ದೇ ದತ್ತಾತ್ರೇಯನ ಎದೆಯ ಮೇಲಿನ ಕಲ್ಲು ಇಳಿಯಿತು. ಅವಳು ಮುಂದೆ ಮೂರು ಗಂಟೆಯ ಬಗ್ಗೆ ಏನೋ ಹೇಳುತ್ತಿದ್ದಾಗ ಜೀಪು ಹಳ್ಳಕ್ಕಿಳಿದು ಗುರುಗುಟ್ಟುತ್ತಿತ್ತು. ಅವನು ಕೇಳಿಸಿಕೊಳ್ಳಲಿಲ್ಲ, ಕೇಳಿಸಿಕೊಳ್ಳುವ ಅಗತ್ಯವೂ ಕಾಣಲಿಲ್ಲ.

ಅವನನ್ನು ಕೆಟ್ಟವನೆಂದು ಯಾರೂ ಅನ್ನುವಂತಿರಲಿಲ್ಲ. ಗುಲಬರ್ಗಾದ ಹೋಟೆಲುಗಳಲ್ಲಿ ಯಾರು ಬೇಯಿಸಿದರು ಎಂದು ಒಮ್ಮೆಯೂ ಕೇಳಿದವನಲ್ಲ. ಶರಫುದ್ದೀನನ ಬಸಿಯಿಂದ ಅರ್ಧ ಚಹಾ ಕುಡಿದವನು. ಜಾತಿಯ ಬಗ್ಗೆ ಮಾತು ಬಂದರೆ ಎಲ್ಲರಿಗಿಂತ ಮೊದಲು ಬಯ್ಯುವವನು. ಆದರೆ ಕೇರಿಯ ಅಂಗಳಕ್ಕೆ ಬಂದು ತಾಟಿನ ಸದ್ದು ಕೇಳಿದರೆ ಉಪವಾಸದ ಮಾತು ಬಾಯಿಂದ ತಾನಾಗಿ ಹೊರಬೀಳುತ್ತಿತ್ತು. ಅದು ಅವನಿಗೇ ನಾಚಿಕೆ ತರುತ್ತಿತ್ತು; ನಾಚಿಕೆ ಬಂದಷ್ಟೂ ಸಿಟ್ಟು ಬರುತ್ತಿತ್ತು; ಸಿಟ್ಟು ಮಾತ್ರ ಮಲ್ಕಮ್ಮನ ಮೇಲೆ. ನೀರು ಬೇಕೆಂದರೆ ಹೆಬ್ಬಟ್ಟು ಒತ್ತಿ ಸುಮ್ಮನಾಗಬಾರದೆ ಈ ಮುದುಕಿ?

“ಶುಕ್ರವಾರ ಯಾವ ದೇವ್ರದ್ರಿ?” ಮಲ್ಕಮ್ಮ ಕೇಳಿದಳು.

“ಏಸುಸ್ವಾಮಿದು. ಇವತ್ತ ಅವರಿಗಿ ಶಿಲುಬಿಗಿ ಏರಿಸಿದ್ರಂತ. ದುಃಖದ ದಿನಾ.”

“ನೀವು ಯಾವಾಗ ಏಸುಸ್ವಾಮಿ ಮಂದಿ ಆದ್ರಿ?”

ಬೇವಿನ ಕೆಳಗೆ ನಿಂತಿದ್ದ ಹೆಂಗಸರಲ್ಲಿ ಯಾರೋ ನಕ್ಕರು. ಅದು ಒಳ್ಳೆಯ ನಗೆಯಲ್ಲ. ಮೂರು ದಿನದ ಹಿಂದಷ್ಟೇ ಬಾಬಾಸಾಹೇಬರ ಜಯಂತಿ ಮುಗಿದಿತ್ತು. ಓಣಿಯ ತುಂಬ ಕಟ್ಟಿದ್ದ ನೀಲಿ ಕಾಗದದ ಪರಪರಿ ಇನ್ನೂ ಬಿಚ್ಚಿರಲಿಲ್ಲ. ಊರಿನ ಜನ ಹತ್ತಿರ ಬರದ ಆ ಪರಪರಿಯ ಕೆಳಗೆ ಇಡೀ ಕೇರಿ ಬಂದು ನಿಂತಿತ್ತು.

“ಬಾಯಿ ಉಪವಾಸ ಇದ್ದಾಗ ನಾ ಅವರ ಎದುರಿಗಿ ಕುಂತು ಹ್ಯಾಂಗ ಉಣ್ಲಿ?”

“ಶರಫುದ್ದೀನ ಉಣ್ಣಾಕತ್ತಾನಲ್ರಿ,” ಎಂದಳು ಪಕ್ಕದ ಮನೆಯ ಸಾಬವ್ವ. ಗೋಡೆಗೆ ಒರಗಿ ಎರಡನೆಯ ರೊಟ್ಟಿ ಮುರಿಯುತ್ತಿದ್ದ ಶರಫುದ್ದೀನ ತಲೆ ಎತ್ತಲಿಲ್ಲ.

ಮಲ್ಕಮ್ಮನ ಮೈದುನ ಪೀರಪ್ಪ ಮುಂದೆ ಬಂದ. “ವೈನಿ, ಸಾಕು ಬಿಡು. ಒತ್ತು ಹೆಬ್ಬಟ್ಟು. ನೀರಿನ ಮುಂದ ರೊಟ್ಟಿ ಎಷ್ಟರದು?”

“ಬರೇ ನೀರೇ ಬೇಕಂದ್ರ ಗೌಡನ ಬಾಂವ್ಯಾಗೂ ಅದಾವಲ್ಲೋ ಪೀರಪ್ಪ.”

ಪೀರಪ್ಪನ ಸಿಟ್ಟು ತಿರುಗಿದ್ದು ದತ್ತಾತ್ರೇಯನ ಕಡೆಗೆ. “ಕೇಳಿದ್ರಿಲ್ಲ? ಹೋಗ್ರಿ ಹಿರೋಳ್ಳಿಗಿ. ಅಲ್ಲಿ ನಿಮ್ಮ ಉಪಾಸಕ್ಕ ಯಾರೂ ಏನೂ ಅನ್ನಂಗಿಲ್ಲ.”

ಹೆಬ್ಬಟ್ಟು ಬಿದ್ದಾಯಿತೆಂದು ದತ್ತಾತ್ರೇಯ ಮೊನ್ನೆಯೇ ದೊಡ್ಡ ಆಫೀಸಿಗೆ ಪತ್ರ ಬರೆದುಬಿಟ್ಟಿದ್ದ. ಬರಿಗೈಯಲ್ಲಿ ಹೋದರೆ ನೌಕರಿ ಉಳಿಯುವುದು ಕಷ್ಟವಿತ್ತು. ಜನ ಏನೆನ್ನುತ್ತಿದ್ದಾರೆ ಎಂದು ಬ್ರಿಜಿಟ್ ಇಂಗ್ಲಿಷಿನಲ್ಲಿ ಕೇಳಿದಳು. ನೀವು ಉಣ್ಣುತ್ತಿಲ್ಲವೆಂದು ಸ್ವಲ್ಪ ಬೇಜಾರು, ಅಷ್ಟೇ, ಎಂದ. ಅವಳು ಮಲ್ಕಮ್ಮನ ಕಡೆ ತಿರುಗಿ, ಎದೆಯ ಮೇಲೊಂದು ಕೈ ಇಟ್ಟು, ಆಮೇಲೆ ಎರಡೂ ಕೈ ಜೋಡಿಸಿದಳು.

“ಕೈ ಮುಗಿಯೋದು ಎಲ್ಲಾರಿಗೂ ಬರ್ತದ,” ಎಂದಳು ಸಾಬವ್ವ.

ಬ್ರಿಜಿಟ್‌ಗೆ ಮಾತು ತಿಳಿಯಲಿಲ್ಲ, ಮುಖಗಳು ತಿಳಿದವು. ಅವಳು ಟೇಪು ತೆಗೆದುಕೊಂಡು ಬೇವಿನ ಹಿಂದೆ ಅಳತೆ ಮಾಡಲು ಹೋದಳು. ಟೇಪಿನ ಇನ್ನೊಂದು ತುದಿ ಹಿಡಿಯಿರಿ ಎಂದು ಕೈಸನ್ನೆ ಮಾಡಿದರೆ ಯಾರೂ ಮಿಸುಕಲಿಲ್ಲ. ಕೊನೆಗೆ ತುದಿಯ ಮೇಲೊಂದು ಕಲ್ಲು ಹೇರಿ ಒಬ್ಬಳೇ ಅಳೆದಳು. ಏಪ್ರಿಲ್ಲಿನ ಬಿಸಿಲು ಅವಳ ಕತ್ತನ್ನು ಕೆಂಪಗೆ ಸುಟ್ಟಿತ್ತು. ತುಟಿ ಒಣಗಿ ಬಿರಿದಿದ್ದವು. ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಅಯ್ಯೋ ಎನ್ನಲು ಹೋಗಿ, ಪಕ್ಕದವಳ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಶರಫುದ್ದೀನ ಕೈ ತೊಳೆದು ಬಂದ. “ಸಾಬ್, ರೋಜಾ ಅಂದಮ್ಯಾಗ ಅದಕ್ಕೊಂದು ಇಫ್ತಾರ ಇರಬೇಕಲ್ಲ? ಬಾಯಿ ಅವ್ರದು ಎಷ್ಟಕ್ಕ?”

“ಇಡೀ ದಿನಾ ಇರ್ತದ,” ಎಂದ ದತ್ತಾತ್ರೇಯ, ಕೇಳಿದವನಿಗಿಂತ ಕೇಳದ ಮಲ್ಕಮ್ಮನಿಗೆ ಮುಟ್ಟುವ ಹಾಗೆ.

ಮಲ್ಕಮ್ಮ ಅವನತ್ತ ನೋಡಲಿಲ್ಲ. ನೇರವಾಗಿ ಬೇವಿನ ಹಿಂದಕ್ಕೆ ನಡೆದು ಬ್ರಿಜಿಟ್ ಎದುರು ನಿಂತಳು. ಐದು ಬೆರಳು ಕೂಡಿಸಿ ಬಾಯಿಗೆ ಒಯ್ದಳು, ಸೂರ್ಯನ ಕಡೆ ತೋರಿಸಿದಳು, ಅಂಗೈ ತಿರುಗಿಸಿ ಯಾವಾಗ ಎಂದು ಕೇಳಿದಳು. ಬ್ರಿಜಿಟ್ ತನ್ನ ಕೈಗಡಿಯಾರ ಮುಂದೆ ಚಾಚಿ ಅದರ ಮೇಲೊಂದು ಬೆರಳಿಟ್ಟು ತೋರಿಸಿದಳು. ಆ ಮೇಲೆ ಅವಳೂ ಐದು ಬೆರಳು ಕೂಡಿಸಿ ಬಾಯಿಗೆ ಒಯ್ದಳು. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ದೂರದಿಂದ ನೋಡುತ್ತಿದ್ದ ದತ್ತಾತ್ರೇಯನಿಗೆ ಹಳ್ಳದಲ್ಲಿ ಕೇಳಿಸದೇ ಹೋದ ಮಾತು ಈಗ ಪೂರ್ತಿ ಕೇಳಿಸಿತು. ಮೂರು ಗಂಟೆ. ಏಸು ಪ್ರಾಣ ಬಿಟ್ಟ ಹೊತ್ತು, ಅಲ್ಲಿಗೆ ಅವಳ ಉಪವಾಸ ಮುಗಿಯಿತು. ಅವನ ಗಡಿಯಾರದಲ್ಲಿ ಎರಡೂವರೆ ಆಗಿತ್ತು.

ಅವನು ಓಡುವ ಹಾಗೆ ಹೋಗಿ, ಜನ ಸಿಟ್ಟಾಗಿದ್ದಾರೆ, ಇವತ್ತು ಹೋಗಿಬಿಡೋಣ, ನಾಳೆ ಬಂದರಾಯಿತು ಎಂದು ಇಂಗ್ಲಿಷಿನಲ್ಲಿ ಅವಸರ ಮಾಡಿದ. ಬ್ರಿಜಿಟ್ ಟೇಪು ಸುತ್ತುತ್ತಲೇ ತಲೆ ಅಲ್ಲಾಡಿಸಿದಳು. ಉಣ್ಣುತ್ತೇನೆಂದು ಈಗಷ್ಟೇ ಅವರಿಗೆ ಹೇಳಿದ್ದೇನೆ, ಇನ್ನು ಅರ್ಧ ಗಂಟೆ ತಾನೇ, ಎಂದಳು.

ಮಲ್ಕಮ್ಮ ಒಳಗೆ ಹೋಗಿ ಒಲೆಗೆ ಎರಡು ತೊಗರಿಕಟ್ಟಿಗೆ ಹೆಚ್ಚಿಗೆ ಹಾಕಿದಳು. ರೊಟ್ಟಿ ಬಡಿಯುವ ಸದ್ದು ಹೊರಗೆ ಕೇಳತೊಡಗಿತು. ಪೀರಪ್ಪ ಬಾಗಿಲವರೆಗೆ ಹೋಗಿ ಇಣುಕಿ ಬಂದು “ಬಾಯಿ ಮೂರಕ್ಕ ಉಣ್ತಾರಂತ,” ಎಂದು ಗುಂಪಿನಲ್ಲಿ ಪಿಸುಗುಟ್ಟಿದ. ಮಾತು ಒಬ್ಬರಿಂದ ಒಬ್ಬರಿಗೆ ಹೋದಂತೆ ಎಲ್ಲರ ಕಣ್ಣೂ ಬಿರ್ಜಿಬಾಯಿಯನ್ನು ಬಿಟ್ಟು ದತ್ತಾತ್ರೇಯನ ಮೇಲೆ ನಿಂತವು. ಅವನು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ, ಮಡಿಸಿದ, ಮತ್ತೆ ತೆಗೆದು ಒರೆಸಿಕೊಂಡ.

ಮೂರು ಆದಾಗ ಬ್ರಿಜಿಟ್ ಚಪ್ಪಲಿ ಕಳಚಿ ಬೇವಿನ ಬುಡದಲ್ಲಿ ಮೊಣಕಾಲೂರಿದಳು. ಹಣೆ, ಎದೆ, ಎರಡೂ ಭುಜ ಮುಟ್ಟಿಕೊಂಡಳು. ತುಟಿ ಅಲುಗುತ್ತಿದ್ದವು, ಸದ್ದಿರಲಿಲ್ಲ. ಎದ್ದವಳು ನೇರವಾಗಿ ಮಲ್ಕಮ್ಮನ ಅಂಗಳಕ್ಕೆ ಬಂದು, ಚಕ್ಕಳಮಕ್ಕಳ ಹಾಕಿ ಕುಳಿತು, ಬೊಗಸೆ ಚಾಚಿದಳು. ಜೀಪಿನಲ್ಲಿ ಅವಳದೇ ನೀರಿನ ಬಾಟಲಿ ಇತ್ತು. ಅದರ ಕಡೆ ನೋಡಲಿಲ್ಲ. ಮಲ್ಕಮ್ಮ ಬಟ್ಟೆ ಬಿಚ್ಚಿ, ಅವಳ ಬೊಗಸೆ ತುಂಬಿ ತುಳುಕುವವರೆಗೆ ನೀರು ಹೊಯ್ದಳು. ಬಿರ್ಜಿಬಾಯಿ ಕುಡಿದಳು, ಮತ್ತೆ ಚಾಚಿದಳು, ಮತ್ತೆ ಕುಡಿದಳು. ಬಿಸಿ ರೊಟ್ಟಿ ಮುರಿದು ಪುಂಡಿಪಲ್ಯಕ್ಕೆ ಅದ್ದಿ ಬಾಯಿಗಿಟ್ಟಾಗ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಸಾಬವ್ವ ಎದ್ದು ಹೋಗಿ ತನ್ನ ಮನೆಯಿಂದ ಮಜ್ಜಿಗೆ ತಂದಳು.

ಮಲ್ಕಮ್ಮ ಇನ್ನೊಂದು ತಾಟು ಹಾಕಿದಳು. ಎರಡು ರೊಟ್ಟಿ, ಪಲ್ಯ, ಶೇಂಗಾದ ಹಿಂಡಿ. ತಾಟಿನ ಮುಂದೆ ಚೌಕಾಕಾರಕ್ಕೆ ಮಡಿಸಿದ ಕೌದಿ. ಒಪ್ಪಿಗೆ ಪತ್ರವೂ ಶಾಯಿಯ ಡಬ್ಬಿಯೂ ಅವಳ ಪಕ್ಕದಲ್ಲೇ ಇದ್ದವು.

“ಬಾಯಿ ಅವ್ರು ಉಪಾಸ ಬಿಟ್ರು. ಬರ್ರಿ ಸಾಹೇಬ್ರ.”

ಬ್ರಿಜಿಟ್ ತುತ್ತು ನುಂಗಿ ಅವನ ಕಡೆ ನೋಡಿದಳು. ನೀನೂ ಬಾ, ಇವತ್ತು ಗುರುವಾರ ಅಲ್ಲವಲ್ಲ, ಎಂದಳು ಇಂಗ್ಲಿಷಿನಲ್ಲಿ. ಅವಳ ಮಾತನ್ನೆಲ್ಲ ಎಂಟು ತಿಂಗಳಿಂದ ಕನ್ನಡಕ್ಕೆ ತರುತ್ತ ಬಂದವನು ಇದೊಂದನ್ನು ತರಲಿಲ್ಲ.

ಎರಡು ಹೆಜ್ಜೆಯ ದಾರಿ. ಹಸಿವೆಯೂ ಇತ್ತು, ಬೆಳಗಿನಿಂದ ಅವನೂ ಏನೂ ತಿಂದಿರಲಿಲ್ಲ. ಉಂಡುಬಿಟ್ಟರೆ ಮುಗಿಯಿತು ಎಂದು ಒಳಗಿನಿಂದ ಒಂದು ಮಾತು ಬಂತು. ಬಾಯಿಂದ ಬಂದದ್ದು ಬೇರೆಯೇ.

“ನಂದು... ನಂದು ಹೊತ್ತು ಮುಳುಗೋತನ.”

ಯಾರೂ ನಗಲಿಲ್ಲ. ಮಲ್ಕಮ್ಮ ಸಿಟ್ಟೂ ಆಗಲಿಲ್ಲ. ತಾಟಿನ ಮೇಲೆ ರೊಟ್ಟಿಯ ಬುಟ್ಟಿ ಕವುಚಿ ಮುಚ್ಚಿದಳು. ಶಾಯಿಯ ಡಬ್ಬಿ ತೆರೆದು ನೋಡಿ, ಮತ್ತೆ ಮುಚ್ಚಳ ಹಾಕಿ ಮಡಿಲಲ್ಲಿಟ್ಟುಕೊಂಡಳು.

“ಆಗ್ಲಿ. ಮುಳುಗ್ಲಿ. ನಿಮ್ಮ ಸಂಗಟ ನಾವೂ ಕೂಡ್ತೇವಿ.”

ಅವಳು ಬುಟ್ಟಿಯ ಪಕ್ಕದಲ್ಲಿ ಕುಳಿತಳು. ಅವಳನ್ನು ನೋಡಿ ಪೀರಪ್ಪ ರುಮಾಲು ತೆಗೆದು ನೆಲಕ್ಕೆ ಹಾಸಿ ಕುಳಿತ. ಸಾಬವ್ವ ಕುಳಿತಳು. ನೀಲಿ ಪರಪರಿಯ ಕೆಳಗೆ ಒಬ್ಬೊಬ್ಬರಾಗಿ ಇಡೀ ಕೇರಿ ಕುಳಿತಿತು. ನಿಂತವನು ದತ್ತಾತ್ರೇಯ ಒಬ್ಬನೇ. ಅವನು ತಲೆ ಎತ್ತಿ ನೋಡಿದ. ಸೂರ್ಯ ಬೇವಿನ ತುದಿಯನ್ನು ಇನ್ನೂ ದಾಟಿರಲಿಲ್ಲ.