ಫುಟ್‌ಪಾತಿನ ಪುರಾಣ

"ಜಾಲಾ ಹೋ, ಫೂಲಾ ಹೋ, ಲಾಲೀ ಹೋ, ಪಾನೀ ಹೋ, ಏಕ್ ಬೂಂದ್ ಮೇ ಸಬ್ ಸಾಫ್!" ಎಂದು, ಕಣ್ಣಿನ ಯಾವ ಬೇನೆಗೂ ಒಂದೇ ಹನಿ ಸಾಕೆಂದು ಹಿಂದಿಯಲ್ಲಿ ಉಸಿರು ಬಿಡದೆ ಕೂಗಿ ಔಷಧ ಮಾರುತ್ತಿದ್ದ ಸಾಯಬಣ್ಣ, ಗುಂಪಿನ ಅಂಚಿನಲ್ಲಿ ದಾನವ್ವನನ್ನು ಕಂಡು ತಡವರಿಸಿದ. ಮುಂಬಯಿಯ ಪರೇಲಿನ ಮಿಲ್ಲಿನಲ್ಲಿ ಮೊದಲ ಪಾಳಿ ಬಿಟ್ಟ ಭೋಂಗಾ ಆಗತಾನೆ ಕೂಗಿತ್ತು. ಫುಟ್‌ಪಾತಿನ ತುಂಬ ಜನ ನುಗ್ಗುತ್ತಿತ್ತು. ದಾನವ್ವ ಅವನೂರಿನವಳು, ಚಾಳಿನಲ್ಲಿ ಎರಡು ಖೋಲಿ ಆಚೆಗಿದ್ದವಳು. ಒಂದು ಕಣ್ಣು ಆಗಲೇ ಹೋಗಿತ್ತು. ಉಳಿದದ್ದರ ಪೊರೆ ತೆಗೆಸಲು ಇವತ್ತು ಸಂಜೆಯೊಳಗೆ ಎದುರಿನ ದೊಡ್ಡಾಸ್ಪತ್ರೆಗೆ ಸೇರಬೇಕು, ತಡವಾದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು.

ಅವಳು ಚಪ್ಪಲಿ ಬದಿಗೆ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು ಕೈಮುಗಿದು ನಿಂತಿದ್ದಳು. ಊರಿನ ಮಠದಲ್ಲಿ ಶ್ರಾವಣದ ಪುರಾಣಕ್ಕೆ ನಿಲ್ಲುತ್ತಿದ್ದದ್ದೇ ಹಾಗೆ. ಆ ಪುರಾಣ ಓದುತ್ತಿದ್ದವನು ಸಾಯಬಣ್ಣನ ಅಪ್ಪ. ಏರಿ ಇಳಿಯುವ ಆ ರಾಗ, ಪದದ ಬಾಲಕ್ಕೆ ಪದ ಕಟ್ಟುವ ಆ ಓಟ, ಎಲ್ಲವನ್ನೂ ಮಗ ಹೊತ್ತುತಂದು ಬೀದಿಯಲ್ಲಿಟ್ಟಿದ್ದ. ಹಿಂದಿ ಅವಳಿಗೆ ಒಂದಕ್ಷರ ತಿಳಿಯದು. ರಾಗ ತಿಳಿಯುತ್ತಿತ್ತು.

"ದೊಡ್ಡವ್ವಾ, ಇಲ್ಯಾಕ ನಿಂತಿ? ದವಾಖಾನಿಗೆ ಹೋಗಲಿಲ್ಲೇನು?"

"ಕಣ್ಣಾಗ ಕತ್ತಿ ಹಾಕವ್ರ ಕಡೆ ಯಾಕ ಹೋಗ್ಲೋ? ನಿಮ್ಮಪ್ಪನ ದನಿ ಇಲ್ಲೇ ಐತಿ. ಹಾಕು ನಿನ್ನ ಹನಿ."

ಜನ ಅಲುಗಾಡತೊಡಗಿದ್ದರು. ಸಾಯಬಣ್ಣ ಅವಳ ಕಿವಿಯ ಹತ್ತಿರ ಬಾಗಿದ.

"ಇದು ಸುಳ್ಳ, ದೊಡ್ಡವ್ವಾ. ಬರೇ ಪಟಿಕದ ನೀರು. ಇದರಿಂದ ಏನೂ... ಏನೂ ಆಗಂಗಿಲ್ಲ."

ನಾಲಿಗೆ ತೊದಲಿತು. ಇಂಥ ಮಾತಿಗೆ ಅವನಲ್ಲಿ ರಾಗವಿರಲಿಲ್ಲ.

ದಾನವ್ವ ನಕ್ಕಳು. "ಮುದುಕಿ ಪುಕ್ಕಟೆ ಕೇಳ್ತಾಳಂತ ಹಿಂಗಂತಿ, ಹೌದಿಲ್ಲೋ? ಭಾಳ ಶ್ಯಾಣ್ಯಾ ಆಗಿ ಬಿಡಪಾ!"

"ಅರೇ, ದವಾ ಬೇಚೇಗಾ ಕಿ ನಹೀ?" ಔಷಧ ಮಾರುತ್ತೀಯೋ ಇಲ್ಲವೋ ಎಂದು ಹಿಂದಿನಿಂದ ಯಾರೋ ಕೂಗಿದರು.

ಸಾಯಬಣ್ಣ ನೆಟ್ಟಗೆ ನಿಂತ. ಶೀಶೆಯನ್ನು ತಲೆಯ ಮೇಲೆತ್ತಿ, ಈ ಸಲ ಕನ್ನಡದಲ್ಲಿ ಹೊರಟ.

"ಕೇಳ ದೊಡ್ಡವ್ವಾ, ಕಿವಿಗೊಟ್ಟ ಕೇಳ! ಈ ಹನಿ ಓಣ್ಯಾಗ ನಿಂತವ್ರಿಗೆ ಹತ್ತೂದಲ್ಲ, ಮನ್ಯಾಗ ಮಲಗಿದವ್ರಿಗೆ ಹತ್ತೂದಲ್ಲ! ಮೊದಲ ಪೊರಿ ಸರೀಬೇಕು, ಆಮ್ಯಾಲೆ ಹನಿ ಬೀಳಬೇಕು! ದೊಡ್ಡ ಡಾಕ್ಟರು ನಿನ್ನೆ ನನ್ನ ಕರೆಸಿದ್ರು, ಕುರ್ಚಿ ಹಾಕಿಸಿದ್ರು, ಚಾ ಕುಡಿಸಿದ್ರು, ಸಾಯಬಣ್ಣಾ, ನಾ ಪೊರಿ ತೆಗೀತೀನಿ, ನೀ ಹನಿ ಕೊಡು ಅಂದ್ರು! ಹತ್ತು ಶೀಶೆ ಕೊಟ್ಟ ಬಂದೀನಿ, ಒಂದರ ಮ್ಯಾಲೆ ನಿನ್ನ ಹೆಸರೈತಿ!"

ಎಲ್ಲೂ ಮಾತು ತಡೆಯಲಿಲ್ಲ. ಆ ಡಾಕ್ಟರ ಮುಖವನ್ನೇ ಅವನು ಕಂಡಿರಲಿಲ್ಲ.

"ಇದನ್ನ ಮೊದಲ ಹೇಳಾಕ ಏನಾಗಿತ್ತು ನಿನಗ?" ಎಂದು ಗದರಿ ದಾನವ್ವ ಕಾಲಲ್ಲೇ ತಡಕಿ ಚಪ್ಪಲಿ ಮೆಟ್ಟಿದಳು. ಅವಳ ಹಸಿರು ಸೀರೆ ಆಸ್ಪತ್ರೆಯ ಗೇಟಿನೊಳಗೆ ಮರೆಯಾಗುವ ತನಕ ಅವನು ಕತ್ತು ಚಾಚಿ ನೋಡಿದ.

ತಿರುಗಿದರೆ ಗುಂಪು ಇಮ್ಮಡಿಯಾಗಿತ್ತು. ಒಬ್ಬರಿಗೂ ಕನ್ನಡ ಬಾರದು. ಆದರೂ ಕೈಗಳೆಲ್ಲ ಶೀಶೆಯತ್ತ ಚಾಚಿದ್ದವು. ಎಲ್ಲರಿಗಿಂತ ಮುಂದೆ, ಕೂದಲಿಗೆ ಹತ್ತಿಯ ಎಳೆ ಅಂಟಿದ್ದ ಮಿಲ್ಲಿನವನೊಬ್ಬ ಮುಖವನ್ನು ಆಕಾಶಕ್ಕೆತ್ತಿ, ಎರಡು ಬೆರಳಲ್ಲಿ ರೆಪ್ಪೆ ಅಗಲಿಸಿ ಹಿಡಿದು, ಅಲುಗದೆ ಕಾಯುತ್ತಿದ್ದ.