ಪ್ರಶ್ನಾವಳಿಯ ವರ್ಗಾವಣೆ

ನಾನು ಎಂಟು ಹಾಳೆಯ ಒಂದು ಪ್ರಶ್ನಾವಳಿ. ಕಾಲಿನ ಶಕ್ತಿ ಕಡಿಮೆಯಿರುವ ಮಕ್ಕಳು ದಿನನಿತ್ಯ ಎಷ್ಟು ಓಡಾಡಬಲ್ಲರು ಎಂದು ತಾಯಂದಿರನ್ನು ಕೇಳಿ ಅಂಕ ಹಾಕುವುದು ನನ್ನ ಕಸುಬು. ಹುಟ್ಟಿದ್ದು ಇಂಗ್ಲಿಷಿನಲ್ಲಿ, ಹಿಮ ಬೀಳುವ ಯಾವುದೋ ದೇಶದಲ್ಲಿ. ಹಾಗಾಗಿ ಹಿಮದ ಮೇಲೆ ನಡೆಯುವ ಪ್ರಶ್ನೆಯೂ, ಸ್ನಾನದ ತೊಟ್ಟಿಯೊಳಗೆ ಇಳಿಯುವ ಪ್ರಶ್ನೆಯೂ ನನ್ನೊಳಗಿದ್ದವು. ತಿಪಟೂರಿಗೆ ಬರುವವರೆಗೆ ಅದರಲ್ಲಿ ತಪ್ಪೇನೂ ನನಗೆ ಕಂಡಿರಲಿಲ್ಲ.

ಅಲ್ಲಿನ ಮಕ್ಕಳ ಚಿಕಿತ್ಸಾ ಕೇಂದ್ರದ ಫಿಸಿಯೋಥೆರಪಿಸ್ಟ್ ಶಾಹಿನಾ ನನ್ನನ್ನು ಪ್ರಿಂಟ್ ತೆಗೆದು, ಕನ್ನಡ ಮಾಡಿಕೊಡಿ ಎಂದು ನಿವೃತ್ತ ಅಧ್ಯಾಪಕ ನಂಜುಂಡಾರಾಧ್ಯರ ಕೈಗಿಟ್ಟರು. ಮೇಷ್ಟ್ರು ಹದಿನೈದು ದಿನ ಕೂತು, ಸಾಲುಗಳ ನಡುವೆ ದುಂಡಗೆ ಬರೆದರು. ನನಗೋ ರೇಷ್ಮೆ ಪಂಚೆ ಉಟ್ಟಷ್ಟು ಹೆಮ್ಮೆ.

ಆ ಹೆಮ್ಮೆ ಉಳಿದದ್ದು ಮಂಗಳವಾರ ಹನ್ನೊಂದು ಗಂಟೆಯವರೆಗೆ. ಎಂಟು ವರ್ಷದ ಗಾನವಿಯನ್ನು ಎತ್ತಿಕೊಂಡು ಅವಳ ತಾಯಿ ಲತಾಮಣಿ ಬಂದರು. ಮೇಷ್ಟ್ರೂ ಪಕ್ಕದಲ್ಲಿ ಕೂತಿದ್ದರು. ಶಾಹಿನಾ ಓದಿದರು: "ಮಗುವಿಗೆ ಮಂಚದಿಂದ ಕುರ್ಚಿಗೆ ಸ್ವತಂತ್ರ ವರ್ಗಾವಣೆ ಸಾಧ್ಯವೇ?"

"ವರ್ಗಾವಣೆ ಆಗೋದು ಇವರಪ್ಪಂಗೆ ಮೇಡಂ, ಬಸ್ ಡ್ರೈವರು. ಹೋದ್ ವರ್ಷ ಅರಸೀಕೆರೆಗೆ ಹಾಕಿದ್ರು."

"ಸರಿ. ಮಗು ಆರೋಹಣ, ಅವರೋಹಣ ಮಾಡುತ್ತದೆಯೇ?"

ಲತಾಮಣಿ ಸಂಕೋಚದಿಂದ ಹೇಳಿದರು: "ಇನ್ನೂ ಸಂಗೀತಕ್ಕೆ ಸೇರ್ಸಿಲ್ಲ ಮೇಡಂ."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು.

ಉತ್ತರ ಬಾರದ ಪ್ರಶ್ನೆಗೆ ಸೊನ್ನೆ ಎಂಬುದು ನನ್ನ ನಿಯಮ. ಹಿಮ, ತೊಟ್ಟಿ ಎಲ್ಲ ಸೊನ್ನೆಯಾಗಿ ಗಾನವಿಗೆ ನೂರಕ್ಕೆ ಒಂಬತ್ತು ಬಂತು. ಇಪ್ಪತ್ತು ಅಂಕ ದಾಟಿದ ಮಗುವಿಗೆ ತಾನೇ ಹಿಡಿದು ನಡೆಯುವ ವಾಕರ್. ದಾಟದಿದ್ದರೆ ಬೇರೆಯವರು ತಳ್ಳುವ ಗಾಲಿಕುರ್ಚಿ. ಶಾಹಿನಾ ಒಂಬತ್ತು ಎಂದು ಬರೆದು ತಲೆಯೆತ್ತಿದರೆ ಕುರ್ಚಿಯಲ್ಲಿ ಗಾನವಿ ಇರಲಿಲ್ಲ. ಸದ್ದಿಲ್ಲದೆ ಕೆಳಗಿಳಿದು, ನೆಲದ ಮೇಲೆ ತೆವಳುತ್ತಾ ಬಾಗಿಲ ಬಳಿ ಹೋಗಿ, ಮೇಷ್ಟ್ರ ಚಪ್ಪಲಿಯೊಳಗೆ ಕಾಲು ತೂರಿಸುತ್ತಿದ್ದಳು.

"ಇದನ್ನ ಕೇಳೋ ಪ್ರಶ್ನೆ ಒಂದೂ ಇದರಲ್ಲಿಲ್ವಲ್ಲ ಸರ್," ಎಂದರು ಶಾಹಿನಾ. ನಾಚಿಕೆಯಿಂದ ನನ್ನ ಎಂಟೂ ಹಾಳೆ ಮುದುರಿದಂತಾಯಿತು.

ಅಂದು ಆ ಅಂಕ ಕೇಂದ್ರದ ದಾಖಲೆಗೆ ಸೇರಲಿಲ್ಲ. ಮುಂದಿನ ವಾರ ಮೇಷ್ಟ್ರು ಲತಾಮಣಿಯವರ ಎದುರು ಕೂತು, "ಇದನ್ನ ಮನೇಲಿ ಹೆಂಗೆ ಹೇಳ್ತೀರಮ್ಮ?" ಎಂದು ಒಂದೊಂದಾಗಿ ಕೇಳಿದರು. "ತಾನೇ ಎದ್ದು ಕುರ್ಚಿ ಮೇಲೆ ಕೂತ್ಕೊತಾಳಾ ಅಂತ ಕೇಳಿ ಸಾರ್, ಸಾಕು." ಹಿಮ ಕೆಸರಾಯಿತು, ತೊಟ್ಟಿ ಬಚ್ಚಲಾಯಿತು. ಅವರೋಹಣವನ್ನು ಹೊಡೆದುಹಾಕುವಾಗ ಮಾತ್ರ ಮೇಷ್ಟ್ರ ಕೈ ಸ್ವಲ್ಪ ತಡೆಯಿತು. ನೆಲದ ಮೇಲೆ ಕೂತು ಊಟ ಮಾಡುವುದು, ಹೊಸಿಲು ದಾಟುವುದು ಹೊಸದಾಗಿ ಸೇರಿದವು. ನನ್ನನ್ನು ಬರೆದವರ ಒಪ್ಪಿಗೆ ಕೇಳಿ ನನ್ನ ಹುಟ್ಟೂರಿಗೆ ಪತ್ರ ಹೋಯಿತು. ಅವರು ಒಪ್ಪಿದರು, ಆದರೆ ಮೊದಲು ಹೊಸಿಲಿನ ಫೋಟೊ ತರಿಸಿಕೊಂಡರು.

ಎರಡು ತಿಂಗಳ ಮೇಲೆ ಗಾನವಿಗೆ ಮತ್ತೆ ಪರೀಕ್ಷೆ. ಈ ಸಲ ಲತಾಮಣಿ ಸಲೀಸಾಗಿ ಉತ್ತರಿಸಿದರು. ಶಾಹಿನಾ ಕೇಳಿದರು: "ಹೊಸಿಲು ದಾಟ್ತಾಳಾ?"

"ಇಲ್ಲ ಮೇಡಂ. ನಾನೇ ಎತ್ತಿ ದಾಟಿಸ್ಬೇಕು."

"ದಾಟ್ತೀನಿ," ಎಂದಳು ಗಾನವಿ. "ನೀನು ನೀರಿಗೆ ಹೋದಾಗ."

"ಯಾವಾಗಿಂದ್ಲೇ?"

"ದೀಪಾವಳಿಯಿಂದ."

"ಮತ್ತೆ ನನ್ ಕೈಲಿ ಯಾಕೆ ಎತ್ತಿಸ್ಕೊತಿದ್ದೆ?"

"ಎತ್ಕೊಂಡ್ರೆ ಚೆನ್ನಾಗಿರುತ್ತೆ."

ಲತಾಮಣಿ ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಂಕ ನಲವತ್ತೊಂದಾಯಿತು, ವಾಕರ್ ಬಂತು. ಮೊದಲ ದಿನವೇ ಅದನ್ನು ಮೇಷ್ಟ್ರ ಕಾಲ ಮೇಲೆ ಹತ್ತಿಸಿದಳು.

ಈಗ ಚೊಕ್ಕವಾಗಿ ಅಚ್ಚಾದ ಹೊಸ ಪ್ರತಿಗಳು ಕೆಲಸ ಮಾಡುತ್ತಿವೆ. ಕೆಂಪು ಗೀಟುಗಳ ನಾನು ಕೆಳಗಿನ ಡ್ರಾಯರಿನಲ್ಲಿ ಆರಾಮವಾಗಿದ್ದೇನೆ. ಎರಡು ಭಾಷೆಯಲ್ಲಿ ಇಷ್ಟೆಲ್ಲ ಕೇಳಿದೆನಲ್ಲ, ಉತ್ತರ ಗೊತ್ತಿದ್ದವಳನ್ನೇ ಕೇಳಬೇಕೆಂದು ನನಗೆ ಹೊಳೆದಿರಲಿಲ್ಲ. ಇಲ್ಲಿಗೆ ಸೇರಿಸುವ ಮುನ್ನ ಮೇಷ್ಟ್ರು ನನ್ನ ಕೊನೆಯ ಹಾಳೆಯ ತುದಿಯಲ್ಲಿ "ಮಗುವನ್ನೂ ಕೇಳಿ" ಎಂದು ಬರೆದರು. ನನ್ನ ಮೈಮೇಲಿನ ಮಾತುಗಳಲ್ಲಿ ಯಾರೂ ತಿದ್ದದೆ ಉಳಿದದ್ದು ಅದೊಂದೇ.