ಕೊಂಡಿಗೊಂದು ಚೀಟಿ

ಚೀಟಿಯಕ್ಕ ಎಂಬ ಹೆಸರು ಆಕೆಗೆ ಸುಮ್ಮನೆ ಬಿದ್ದದ್ದಲ್ಲ. ಹಡಗು ರಿಪೇರಿ ಮಾಡುವ ಆ ಡಾಕಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಕಟ್ಟಲು ಬಂದ ಇಂಜಿನಿಯರಮ್ಮ, ಒಂದು ಸಾಲು ಪ್ರೋಗ್ರಾಂ ಬರೆಯುವ ಮೊದಲೇ ಇಡೀ ತಂಡವನ್ನು ಮೇಜಿನ ಸುತ್ತ ಕೂರಿಸಿ ಒಬ್ಬೊಬ್ಬರ ಕೈಗೂ ಒಂದೊಂದು ರಟ್ಟಿನ ಚೀಟಿ ಕೊಟ್ಟಿದ್ದಳು. ಒಬ್ಬ ಪಂಪು, ಒಬ್ಬ ಸೈರನ್ನು, ಇನ್ನೊಬ್ಬ ನೀರಿನ ಮಟ್ಟ ಅಳೆಯುವ ಯಂತ್ರ. ಹೊಟ್ಟೆ ಮುಂದೆ ಮಾಡಿಕೊಂಡು ಕೂತ ಡುಮ್ಮಣ್ಣ ಎಡಗಡೆಯ ವಾಲ್ವು. ತಾನು ಯಾರು, ತನ್ನ ಕೆಲಸವೇನು, ಯಾರ ಮಾತು ಕೇಳಬೇಕು ಎಂಬುದನ್ನು ಅವರವರೇ ಬಾಯಿಬಿಟ್ಟು ಹೇಳಬೇಕು. ಇನ್ನೊಬ್ಬರ ಹೊಟ್ಟೆಯೊಳಗೆ ಕೈ ಹಾಕುವಂತಿಲ್ಲ. ಬೇಕಾದ್ದನ್ನು ಕೇಳಿ ತಿಳಿಯಬೇಕು. ಪ್ರೋಗ್ರಾಮನ್ನು ವಸ್ತುಗಳಾಗಿ ವಿಂಗಡಿಸುವ ಆಬ್ಜೆಕ್ಟುಗಳ ವಿಧಾನವೆಂದರೆ ಇದೇ, ಇಷ್ಟು ದೊಡ್ಡ ವ್ಯವಸ್ಥೆ ಯಾರೊಬ್ಬರ ತಲೆಯಲ್ಲೂ ಹಿಡಿಸುವುದಿಲ್ಲ, ಪ್ರತಿಯೊಂದು ವಸ್ತುವೂ ತನ್ನ ಪಾಲಿನದನ್ನು ನೆಟ್ಟಗೆ ನೋಡಿಕೊಂಡರೆ ಒಟ್ಟು ಕೆಲಸ ತಾನಾಗಿ ನಡೆಯುತ್ತದೆ ಎಂಬುದು ಆಕೆಯ ವಾದ. ತಲೆ ನರೆತ ಗಂಡಸರು ಗಂಭೀರವಾಗಿ "ನಾನು ಪಂಪು" ಎನ್ನುವುದನ್ನು ಕೇಳಿ ಹೊರಗಿನವರು ನಕ್ಕದ್ದೇ ನಕ್ಕದ್ದು. ನಗಲಿ ಬಿಡಿ. ಆಟ ಮುಗಿಯುವಷ್ಟರಲ್ಲಿ ಎಷ್ಟೋ ತಪ್ಪುಗಳು ಮೇಜಿನ ಮೇಲೇ ಸಿಕ್ಕಿಬಿದ್ದಿದ್ದವು.

ಆಕೆಯ ತಮ್ಮ ಅದೇ ಡಾಕಿನಲ್ಲಿ ಫಿಟ್ಟರ್. ಒಮ್ಮೆ ಬಾಗಿಲಲ್ಲಿ ಇಣುಕಿ, ತನಗೆ ಯಾವ ಚೀಟಿ ಎಂದು ಹಲ್ಲು ಕಿರಿದಿದ್ದ. ನೀನು ವಸ್ತುವಲ್ಲ, ಮನುಷ್ಯ, ಹೋಗಿ ಕೆಲಸ ನೋಡು ಎಂದು ಅಟ್ಟಿದ್ದಳು. ಅದೇ ದಿನ, ನೀರು ಬಿಡುವ ಹಿಡಿಕೆಯಿದ್ದ ಹಳೆಯ ಕಬ್ಬಿಣದ ಬೋರ್ಡಿನ ಮೇಲಿನ ಕೊಂಡಿಯ ಸರದಿಯೂ ಬಂತು. ಕೊಂಡಿಯ ಕೆಲಸವೇನು, ಅದು ಯಾರಿಗೆ ಏನು ಹೇಳುತ್ತದೆ ಎಂದು ಆಕೆ ಕೇಳಿದಳು. ಏನೂ ಇಲ್ಲ, ಸುಮ್ಮನೆ ನೇತಾಡಿಕೊಂಡಿರುತ್ತದೆ ಎಂದರು, ಸುರಂಗಕ್ಕೆ ಎಂದೂ ಇಳಿಯದ ತಂಡದವರು. ಕೆಲಸವಿಲ್ಲದ ಚೀಟಿಯನ್ನು ಹರಿದು ಹಾಕುವುದು ಆಟದ ನಿಯಮ. ಆಕೆ ಹರಿದಳು.

ಪರೀಕ್ಷೆಯ ದಿನ ಡಾಕಿನ ಮೇಲಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದಿದ್ದರು, ಜೊತೆಗೆ ಹಡಗಿನ ಕಂಪನಿಯ ನಾಲ್ಕಾರು ಜನ. ಕಿಟಕಿಯ ಕೆಳಗೆ ಕಲ್ಲಿನ ದೊಡ್ಡ ಹೊಂಡ, ಅದರೊಳಗೆ ದಿಮ್ಮಿಗಳ ಮೇಲೆ ಕೂತ ಹಡಗು. ಹೊಂಡದ ಎಡಗೋಡೆಯಲ್ಲೊಂದು, ಬಲಗೋಡೆಯಲ್ಲೊಂದು ನೀರಿನ ಸುರಂಗ. ಎರಡರ ಬಾಯಿಗೂ ಒಂದೊಂದು ವಾಲ್ವು. ಅವು ತೆರೆದರೆ ಸಮುದ್ರವೇ ಒಳಗೆ ಬಂದು ಹಡಗನ್ನು ಎತ್ತುತ್ತದೆ. ಆಕೆ ನೀರು ತುಂಬುವ ಆಜ್ಞೆ ಕೊಟ್ಟಳು. ಪರದೆಯ ಮೇಲೆ ಎಲ್ಲವೂ ಒಂದೊಂದಾಗಿ ಸಿದ್ಧ ಎಂದವು, ಹೊರಗೆ ಸೈರನ್ನು ಕೂಗಿತು, ವಾಲ್ವುಗಳು ಮೆಲ್ಲಗೆ ತೆರೆಯತೊಡಗಿದವು. ಆಕೆಗೆ ಒಳಗೊಳಗೇ ಹಿಗ್ಗು.

ಅಷ್ಟರಲ್ಲಿ ಬಂದವರಲ್ಲೊಬ್ಬರು ಕೋಟು ಬಿಚ್ಚಿ, ತೂಗುಹಾಕಲು ಮೂಲೆಯಲ್ಲಿದ್ದ ಹಳೆಯ ಬೋರ್ಡಿನತ್ತ ಹೋದರು. ಅದರ ತಂತಿಗಳನ್ನು ಕಿತ್ತಾಗಿತ್ತು, ಗುಜರಿಗೆ ಹೋಗಲು ಕಾದಿತ್ತು. ಕೊಂಡಿಯಲ್ಲಿ ಯಾರದೋ ಬೀಗವಿದೆಯಲ್ಲ ಎಂದು ಅವರು ಗೊಣಗಿದರು.

ಆಕೆ ತಿರುಗಿ ನೋಡಿದಳು. ಹಿತ್ತಾಳೆಯ ಬೀಗ, ಅದಕ್ಕೆ ಸುತ್ತಿದ ಕೆಂಪು ತಂತಿ. ತಮ್ಮನ ಬೀಗ ಬೇರೆಯವರದರ ಜೊತೆ ಅದಲುಬದಲಾಗದಿರಲಿ ಎಂದು ಆ ತಂತಿ ಸುತ್ತಿಕೊಟ್ಟವಳು ಆಕೆಯೇ. 

ಸುರಂಗಕ್ಕೆ ಇಳಿಯುವವನು ಆ ಕೊಂಡಿಗೆ ತನ್ನ ಬೀಗ ಹಾಕಿ ಇಳಿಯುವುದು ಡಾಕಿನ ಹಳೆಯ ಪದ್ಧತಿ. ಬೀಗ ಇರುವವರೆಗೆ ನೀರಿನ ಹಿಡಿಕೆ ಅಲ್ಲಾಡದು. ಹಾಕಿದವನೇ ಬಂದು ತೆಗೆಯಬೇಕು. ಬೋರ್ಡು ಸತ್ತಿದೆ ಎಂದು ಫಿಟ್ಟರುಗಳಿಗೆ ಹೇಳಿರಬೇಕಲ್ಲ? ಆಫೀಸಿನವರು ಹೇಳಿರುತ್ತಾರೆಂದು ಆಕೆ, ಆಕೆ ಹೇಳಿರುತ್ತಾಳೆಂದು ಆಫೀಸಿನವರು ಅಂದುಕೊಂಡಿದ್ದರು. ಬೆಳಿಗ್ಗೆ ಬಲಗಡೆಯ ಸುರಂಗದಲ್ಲಿ ಬೋಲ್ಟು ಬಿಗಿ ಮಾಡಲು ಹೋಗುತ್ತೇನೆ ಅಂದಿದ್ದ ಎಂದು ಡುಮ್ಮಣ್ಣ ತೊದಲಿದ.

ಆಕೆ ನಿಲ್ಲಿಸುವ ಗುಂಡಿ ಒತ್ತಿದಳು. ಸೈರನ್ನು ಬಾಯಿ ಮುಚ್ಚಿತು, ಪಂಪುಗಳು ಸುಮ್ಮನಾದವು. ವಾಲ್ವುಗಳು ಮಾತ್ರ ತೆರೆಯುತ್ತಲೇ ಇದ್ದವು. ನಿಲ್ಲು ಎಂಬ ಒಂದೇ ಮಾತು ಎಲ್ಲರಿಗೂ ಹೋಗಬೇಕು, ಯಾರು ಹೇಗೆ ನಿಲ್ಲಬೇಕೆಂಬುದು ಅವರವರಿಗೆ ಬಿಟ್ಟದ್ದು ಎಂದು ಆಕೆಯೇ ಎಷ್ಟು ಹೆಮ್ಮೆಯಿಂದ ಹೇಳಿಕೊಂಡಿರಲಿಲ್ಲ! ಅರ್ಧ ತೆರೆದ ವಾಲ್ವು ನೀರಿನ ಹೊಡೆತಕ್ಕೆ ನಡುಗಿ ಮುರಿಯುತ್ತದೆ, ಅದಕ್ಕೇ ವಾಲ್ವು ನಿಲ್ಲುವ ರೀತಿಯೆಂದರೆ ಪೂರ್ತಿ ತೆರೆದುಕೊಂಡು ಆಮೇಲೆ ನಿಲ್ಲುವುದು. ಆಟದ ಮೇಜಿನಲ್ಲಿ ಅದಕ್ಕೆ ಹೌದು ಎಂದು ತಲೆಯಾಡಿಸಿ ಒಪ್ಪಿದವಳೂ ಆಕೆಯೇ.

ಕರೆಂಟು ತೆಗೆಯಿರಿ ಎಂದು ಮ್ಯಾನೇಜರು ಕೂಗಿದರು. ತೆಗೆದರೆ ವಾಲ್ವನ್ನು ಬ್ಯಾಟರಿ ನಡೆಸುತ್ತದೆ, ಪ್ರಯೋಜನವಿಲ್ಲ. ಬಲ ವಾಲ್ವಿನ ಕೈಚಕ್ರ ಹಿಡಿದರೆ ಅದರ ಮೋಟಾರು ಕಳಚಿಕೊಂಡು ವಾಲ್ವು ನಿಲ್ಲುತ್ತದೆ, ನಿಜ. ಆದರೆ ಆ ಚಕ್ರವಿರುವುದು ಹೊಂಡದ ಆಚೆ ದಡದಲ್ಲಿ, ಸುತ್ತಿಕೊಂಡು ಓಡುವಷ್ಟರಲ್ಲಿ ಸುರಂಗ ತುಂಬಿರುತ್ತದೆ.  ಅವ್ವನಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು. ಆಮೇಲೆ, ಬೇರೇನೂ ತೋಚದೆ, ಮೇಜಿನ ಮುಂದೆ ಕೂತಾಗ ಮಾಡುತ್ತಿದ್ದಂತೆ ಕಣ್ಣು ಮುಚ್ಚಿದಳು.

"ನಾನು ಬಲಗಡೆ ವಾಲ್ವು. ನಾನು ಯಾರ ಮಾತು ಕೇಳ್ತೀನಿ?"

ಕೋಟಿನವರು ಆಕೆಗೆ ಬುದ್ಧಿ ಕೆಟ್ಟಿತೆಂದು ಹಿಂದೆ ಸರಿದರು. ಡುಮ್ಮಣ್ಣನ ಬಾಯಿಂದ ಮಾತ್ರ ಅಭ್ಯಾಸಬಲದಿಂದ ಉತ್ತರ ಬಂತು.

"ನಾನು ಎಡಗಡೆ ವಾಲ್ವು. ನಾನು ಹಿಂದೆ ಬಿದ್ರೆ ನೀನು ನಿಂತು ಕಾಯ್ಬೇಕು."

ಒಂದು ಕಡೆ ನೀರು ಹೆಚ್ಚಾದರೆ ಹಡಗು ವಾಲೀತೆಂದು ಎರಡೂ ವಾಲ್ವುಗಳು ಒಂದೇ ಸಮ ತೆರೆಯುವಂತೆ ಮಾಡಿದ್ದರು. ಯಾರ ಆಜ್ಞೆಗೂ ಬಗ್ಗದ ವಾಲ್ವು ತನ್ನ ಜೋಡಿಗೆ ಮಾತ್ರ ಕಾಯುತ್ತದೆ. ಎಡ ವಾಲ್ವಿನ ಕೈಚಕ್ರವೋ, ಇದೇ ಕೋಣೆಯ ಮೆಟ್ಟಿಲ ಬುಡದಲ್ಲಿ.

"ಹಾಗಾದ್ರೆ ಹಿಂದೆ ಬೀಳು, ಡುಮ್ಮಣ್ಣ. ಚಕ್ರ ಹಿಡ್ಕೋ, ಬಿಡ್ಬೇಡ."

ಆ ಮೈ ಹೊತ್ತುಕೊಂಡು ಅವನು ಮೆಟ್ಟಿಲಿಳಿದ ವೇಗ ಯಾರೂ ಕಂಡಿರಲಿಲ್ಲ. ಪರದೆಯ ಮೇಲೆ ಎಡ ವಾಲ್ವು ಗಕ್ಕನೆ ನಿಂತಿತು. ಬಲದ್ದು ಇನ್ನಿಷ್ಟು ಸರಿಯಿತು, ಮತ್ತೂ ಇಷ್ಟು ಸರಿಯಿತು, ಆಮೇಲೆ ಜೋಡಿಗಾಗಿ ಕಾಯುತ್ತಿದ್ದೇನೆ ಎಂದು ತೋರಿಸಿ ನಿಂತಿತು. ಅರ್ಧ ತೆರೆದ ವಾಲ್ವಿನ ನಡುಕಕ್ಕೆ ಕೋಣೆಯ ಗಾಜು ಗಡಗಡ ಎನ್ನುತ್ತಿತ್ತು. ಮುರಿದರೆ ಮುರಿಯಲಿ ಎಂದುಕೊಂಡು ಆಕೆ ಹೊಂಡದ ಸುತ್ತ ಓಡಿದಳು. ಒಂದು ಚಪ್ಪಲಿ ಎಲ್ಲೋ ಕಳಚಿಬಿತ್ತು.

ಆಚೆ ದಡದಲ್ಲಿ ಸುರಂಗಕ್ಕೆ ಇಳಿಯುವ ಕಿಂಡಿ. ಅದರೊಳಗೆ ನೀರಿನ ಮೊರೆತ ಬಿಟ್ಟರೆ ಏನೂ ಕೇಳಿಸದು. ಆಕೆ ಮಂಡಿಯೂರಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದಂತೆ ಪುಟ್ಟೂ ಎಂದು ಕೂಗಿದಳು, ಗಂಟಲು ಹರಿಯುವ ಹಾಗೆ. ಮೊದಲು ಏಣಿಯ ಮೇಲೊಂದು ಕೈ ಕಂಡಿತು, ಹಿಂದೆಯೇ ತಲೆ. ಸೆಳೆತಕ್ಕೆ ಎದುರಾಗಿ ಹತ್ತಲಾರದೆ, ಎದೆಮಟ್ಟದ ನೀರಲ್ಲಿ ಏಣಿಯನ್ನೇ ತಬ್ಬಿಕೊಂಡು ನಿಂತಿದ್ದನಂತೆ; ವಾಲ್ವು ಅಷ್ಟಕ್ಕೇ ನಿಂತು, ಬಂದಷ್ಟು ನೀರು ಹೊಂಡಕ್ಕೆ ಹರಿದುಹೋಗಿ ಏರುವುದು ನಿಂತ ಮೇಲೆ ಒಂದೊಂದೇ ಮೆಟ್ಟಿಲು ಹಿಡಿದು ಬಂದ. ಹಲ್ಲು ಕಟಕಟ ಎನ್ನುತ್ತಿತ್ತು. ಅಕ್ಕನನ್ನು ಬೈಯಬಹುದಿತ್ತು, ಬೈಯಲಿಲ್ಲ.

"ಬೀಗ ಹಾಕಿದ್ನಲ್ಲಕ್ಕಾ," ಅಂದ.

 ಆಕೆ ಅವನ ಒದ್ದೆ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು. ಹೊಸ ವ್ಯವಸ್ಥೆಯೇ ಹುಡುಗನ ಜೀವ ಉಳಿಸಿತು ಎಂದು ಮ್ಯಾನೇಜರು ಬಂದವರಿಗೆ ಹೇಳುತ್ತಿದ್ದರು. ಇಲ್ಲ ಸಾರ್, ಕೊಲ್ಲಲು ಹೊರಟಿದ್ದೇ ಅದು, ಅದನ್ನು ಕಟ್ಟಿದವಳು ನಾನು ಎಂದು ಆಕೆ ಎಲ್ಲರೆದುರೇ ಹೇಳಿದಳು. ಮ್ಯಾನೇಜರು ಮಾತು ಬದಲಿಸಿದರು.

ಆ ನಡುಕಕ್ಕೆ ಕೆಟ್ಟುಹೋದ ವಾಲ್ವು ರಿಪೇರಿಯಾಗುವ ಮೊದಲೇ ಮೇಜಿನ ಸುತ್ತ ಮತ್ತೆ ಆಟ ಕೂಡಿತು. ಈ ಸಲ ಒಂದು ಕುರ್ಚಿ ಹೆಚ್ಚು. ಆಕೆ ತಮ್ಮನನ್ನು ಕರೆದು ಕೂರಿಸಿ, ಕೊಂಡಿ ಎಂದು ಬರೆದ ಹೊಸ ಚೀಟಿಯನ್ನು ಅವನ ಮುಂದಿಟ್ಟಳು. ಏನು ಮಾಡಬೇಕೆಂದು ಕೇಳಿದ. ಒಳಗೆ ಯಾರಾದರೂ ಇರುವಷ್ಟು ಹೊತ್ತು ಬಾಯಿ ಬಿಡಬಾರದು, ನೀನು ಸಿದ್ಧ ಎನ್ನುವವರೆಗೆ ಇವರಾರೂ ಕದಲುವಂತಿಲ್ಲ, ಅಷ್ಟೇ ನಿನ್ನ ಕೆಲಸ ಎಂದಳು. ಆಮೇಲೆ ಎಲ್ಲರ ಕಡೆ ತಿರುಗಿ, ನೀರು ಬಿಡಲಾ ಎಂದು ಕೇಳಿದಳು.

ಪಂಪು ಸಿದ್ಧ ಎಂದಿತು. ಸೈರನ್ನು ಸಿದ್ಧ ಎಂದಿತು. ಡುಮ್ಮಣ್ಣನೂ ಸಿದ್ಧ ಎಂದ. ತಮ್ಮ ಆಕೆಯನ್ನೇ ನೋಡುತ್ತ ಸುಮ್ಮನೆ ಕೂತಿದ್ದ. ಚಹಾ ಆರಿತು. ಹೊರಗೆ ಯಾರೋ ಬಾಗಿಲು ತಟ್ಟಿ ಹೋದರು. ಅವನು ಮಾತಾಡಲಿಲ್ಲ, ಮೇಜಿನ ಸುತ್ತ ಯಾರೂ ಕದಲಲಿಲ್ಲ.